ದೊಡ್ಡವ್ವನ ಕೋರೆಹಲ್ಲು

ಹೋದ ವಾರ ಹುಬ್ಬಳ್ಳಿಯ ಹಲ್ಲಿನ ದವಾಖಾನೆಯಲ್ಲಿ ಕುಳಿತಿದ್ದೆ. ಒಳಗಿನ ಕೋಣೆಯ ಬಾಗಿಲು ತೆರೆದು ಲವಂಗದೆಣ್ಣೆಯ ವಾಸನೆ ಹೊರಗೆ ಬಂತು. ಅಷ್ಟೇ ಸಾಕಾಯಿತು. ಕಣ್ಣು ಕೆಳಗಿಳಿಯುವ ಮೆಟ್ಟಿಲು ಹುಡುಕತೊಡಗಿತು. ಪಕ್ಕದಲ್ಲಿ ಹೆಂಡತಿ ಇರದಿದ್ದರೆ ಎದ್ದೇಬಿಡುತ್ತಿದ್ದೆನೋ ಏನೋ... ಅರವತ್ತು ದಾಟಿದ ಗಂಡಸು. ಹೇಳಿಕೊಳ್ಳಲು ನಾಚಿಕೆ.

ಇದೇ ವಾಸನೆಗೆ ಹಿಂದೊಮ್ಮೆ ನಾನು ನಿಜಕ್ಕೂ ಎದ್ದು ಹೋದವನು. ಎಂಬತ್ತರ ದಶಕದ ಮಾತು. ನಮ್ಮೂರು ಶಲವಡಿಯ ನನ್ನ ಓರಗೆಯವರಲ್ಲಿ ಗುಂಡುಕಲ್ಲು ಎತ್ತುವವನೆಂದು ನನಗೊಂದು ಹೆಸರಿತ್ತು. ಕೈ ಆಗಾಗ ಮೀಸೆಯ ಮೇಲೆ ಹೋಗುತ್ತಿತ್ತು. ಅಂಥವನ ಮೇಲಿನ ದವಡೆಹಲ್ಲಿಗೆ ಹುಳುಕು ಹತ್ತಿ ಗಲ್ಲ ಬಾತಿತು. ಕಣಜ ಕಡಿದಿದೆ ಎಂದು ಊರಿಗೂ ಹೇಳಿದೆ, ಮನೆಯಲ್ಲೂ ಹೇಳಿದೆ. ಹಲ್ಲು ಎಂದರೆ ಕೀಳಿಸು ಎನ್ನುತ್ತಾರಲ್ಲ! ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತವೆ ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಿದ್ದರು. ಯಾರ ಕಣ್ಣು ಹೋಗಿದ್ದವೋ ನಾನು ಕಂಡಿರಲಿಲ್ಲ, ಆದರೂ ಪೂರಾ ನಂಬಿದ್ದೆ. ಅಂಜಿದವನಿಗೆ ಇಂಥ ಮಾತು ಬಲು ರುಚಿ.

ಮುಂದಿನ ವಾರವೇ ಹೆಣ್ಣಿನ ಕಡೆಯವರು ಮನೆ ನೋಡಲು ಬರುವವರಿದ್ದರು. ಬಾತ ಗಲ್ಲ ಹೊತ್ತು ಅವರೆದುರು ಕೂಡುವುದು ಹೇಗೆ?

ಬಾಜೂ ಮನೆಯ ದೊಡ್ಡವ್ವ ಹಿತ್ತಿಲ ಗೋಡೆಯಾಚೆಯಿಂದ ನಾನು ನರಳುವುದನ್ನು ಕೇಳಿ ಎಲ್ಲ ತಿಳಿದುಕೊಂಡಳು. ರಕ್ತಸಂಬಂಧವೇನಿಲ್ಲ, ಓಣಿಗೆಲ್ಲ ಆಕೆ ದೊಡ್ಡವ್ವ. ಅವ್ವನ ಬಳಿ ಬಂದು, ತನಗೆ ಹುಬ್ಬಳ್ಳಿಯಲ್ಲಿ ಹಲ್ಲು ತೋರಿಸುವುದಿದೆ, ನಿಮ್ಮ ಹುಡುಗನನ್ನು ಜೋಡಿ ಕಳಿಸು ಎಂದಳು. ನನ್ನ ಮರ್ಯಾದೆ ಅಲ್ಲಿಂದಲೇ ಕಾಯತೊಡಗಿದ್ದಳು ಎಂದು ಈಗ ತಿಳಿಯುತ್ತದೆ... ಆಗ ಬರೀ ಹಲ್ಲುನೋವು ತಿಳಿಯುತ್ತಿತ್ತು.

ದವಾಖಾನೆಯ ಬಾಗಿಲಲ್ಲಿ ನನ್ನ ಕಾಲು ಮುಂದೆ ಹೋಗಲಿಲ್ಲ. ಕಣ್ಣಿನ ಮಾತು ಎತ್ತಿದೆ. ಆಕೆ ನಗಲಿಲ್ಲ, ಬೈಯಲಿಲ್ಲ. ಆಕೆಯ ಮೇಲಿನ ಕೋರೆಹಲ್ಲೂ ಅಲುಗುತ್ತಿತ್ತು. ಇನ್ನೂ ನಾಲ್ಕು ವರ್ಷ ಅದರಲ್ಲೇ ರೊಟ್ಟಿ ಕಡಿಯುತ್ತೇನೆ ಎಂದು ಹಟ ಹಿಡಿದವಳು ಆಕೆ.

"ಮೊದಲ ನಾ ಕುಂದರತೀನಿ ತಮ್ಮಾ. ನನ್ನ ಕಣ್ಣ ಹೋಗ್ತಾವೇನ ನೋಡು. ಹೋಗಲಿಲ್ಲಂದ್ರ ಆಮ್ಯಾಲೆ ನೀ ಕುಂದರು" ಎಂದು ಸೆರಗು ಬಿಗಿದು ಒಳಗೆ ಹೋದಳು.

ಪರದೆಯಾಚೆಯಿಂದ ಲವಂಗದೆಣ್ಣೆಯ ವಾಸನೆ ಬಂತು, ಇಕ್ಕಳ ತಟ್ಟೆಗೆ ಬಡಿದ ಸಪ್ಪಳ ಕೇಳಿತು. ಆಕೆ ಕಿಟ್ಟನೆ ಕಿರುಚಲೂ ಇಲ್ಲ. ಕಿರುಚದಿದ್ದುದೇ ನನಗೆ ಹೆಚ್ಚು ಭಯ ಹುಟ್ಟಿಸಿತು. ಬಸ್ ನಿಲ್ದಾಣಕ್ಕೆ ಬಂದಾಗಲೇ ನನಗೆ ನಾನು ಎಲ್ಲಿದ್ದೇನೆಂದು ತಿಳಿದದ್ದು.

ಆಕೆಗೆ ಓದು ಬರುತ್ತಿರಲಿಲ್ಲ. ಹುಬ್ಬಳ್ಳಿಯ ದಾರಿ ಗೊತ್ತಿರಲಿಲ್ಲ. ಬಾಯಿ ತುಂಬ ಅರಳೆ, ಮಾತಾಡುವಂತಿಲ್ಲ. ಅಂಥ ಮುದುಕಿ ಕೈಸನ್ನೆಯಲ್ಲೇ ದಾರಿ ಕೇಳುತ್ತ, ಎಷ್ಟೋ ಹೊತ್ತಿನ ಮೇಲೆ ನಮ್ಮೂರ ಕಡೆಯ ನವಲಗುಂದದ ಬಸ್ಸಿನ ಬಳಿ ಬಂದಳು. ನಾನು ತಲೆ ಎತ್ತಲಿಲ್ಲ. ಪಕ್ಕದಲ್ಲಿ ಕುಳಿತು, ಡಾಕ್ಟರು ತನಗೆ ಕೊಟ್ಟ ಗುಳಿಗೆಯ ಪುಡಿಕೆಯನ್ನು ಸೆರಗಿನ ಗಂಟಿನಿಂದ ಬಿಚ್ಚಿ ನನ್ನ ಕೈಗಿಟ್ಟಳು. ನಾನು ತೆಗೆದುಕೊಂಡೆ. ಬೇಡ ಎನ್ನಬಹುದಿತ್ತು...

ಆ ಗುಳಿಗೆಗಳಿಂದಲೇ ನನ್ನ ಬಾವು ಇಳಿಯಿತು. ಹೆಣ್ಣಿನ ಕಡೆಯವರು ಬಂದ ದಿನ ದೊಡ್ಡವ್ವ ಚಹಾ ಕೊಡಲು ಬಂದಿದ್ದಳು. ಹುಡುಗಿಯ ಸೋದರಮಾವ ಚೇಷ್ಟೆಯ ಮನುಷ್ಯ. ಆಕೆಯ ಬಾಯಿಯ ಸಂದು ನೋಡಿ, ಕೋರೆಹಲ್ಲು ಎಲ್ಲಿಟ್ಟು ಬಂದಿರಿ ಎಂದು ಕೇಳಿದ. ಒಂದು ಮಾತು ಹೇಳಿದ್ದರೆ ಗುಂಡುಕಲ್ಲಿನ ಗಂಡಸು ಅಲ್ಲೇ ಮುಗಿಯುತ್ತಿದ್ದ.

"ಹಲ್ಲ ತಗಸಾಕ ಅಗದಿ ಅಂಜಿದ್ನಿರಿ ನಾ. ಇಂವಾ ಬಾಜೂಕ ಕುಂತು ಕೈ ಹಿಡಕೊಂಡಿದ್ದ, ಅದಕ್ಕ ತಗಸಕೊಂಡ್ನಿ" ಎಂದಳು.

ಮುದುಕಿಯ ಕೈ ಹಿಡಿದು ಕುಳಿತ ಹುಡುಗ ಮಗಳನ್ನೂ ಚಲೋ ನೋಡಿಕೊಳ್ಳುತ್ತಾನೆ ಎಂದು ಆ ಮನೆಯವರು ಒಪ್ಪಿದರು. ನನ್ನ ಮದುವೆ ನಡೆದದ್ದು ಆ ಮಾತಿನ ಮೇಲೆ. ಓಣಿಯವರು ಮಾತ್ರ ಆಕೆಯನ್ನು ಅಂಜುಬುರುಕಿ ದೊಡ್ಡವ್ವ ಎಂದು ಕಡೆಯತನಕ ಕಾಡಿದರು. ಆಕೆ ಆ ಸಂದುಹಲ್ಲಿನ ನಗೆ ನಗುತ್ತಿದ್ದಳು. ಅಂಥ ಹೊತ್ತಿನಲ್ಲಿ ನನ್ನ ಕಡೆ ತಪ್ಪಿಯೂ ನೋಡುತ್ತಿರಲಿಲ್ಲ. ನೋಡಿದರೆ ನನ್ನ ಮುಖವೇ ಎಲ್ಲ ಹೇಳಿಬಿಡುತ್ತದೆಂದು ಆಕೆಗೆ ಗೊತ್ತಿತ್ತು. ಆಕೆ ತೀರಿಕೊಂಡ ದಿನವೂ ಯಾರೋ ಆ ಮಾತು ನೆನೆದು ಕಣ್ಣೀರಿನಲ್ಲೇ ನಕ್ಕರು. ಹೆಗಲು ಕೊಟ್ಟವರಲ್ಲಿ ನಾನೂ ಇದ್ದೆ.

ನನ್ನ ಹಲ್ಲು ತಾನಾಗಿ ಮುರಿದು ಮುರಿದು ಹೋಯಿತು, ಬೇರು ಮಾತ್ರ ಒಳಗೆ ಉಳಿದಿತ್ತು. ಹೋದ ವಾರ ಕೀಳಿಸಲು ಹೋದದ್ದು ಅದನ್ನೇ. ಕುರ್ಚಿಯಲ್ಲಿ ಕುಳಿತಾಗ ಡಾಕ್ಟರಮ್ಮ, ಅಂಜಿಕೆ ಆಗುತ್ತದೆಯೇ ಎಂದು ಕೇಳಿದರು. ಬಾಗಿಲಲ್ಲಿ ನಿಂತ ಹೆಂಡತಿ ನನಗಿಂತ ಮೊದಲೇ ಉತ್ತರ ಕೊಟ್ಟಳು.

"ಇವರಿಗೆಲ್ಲಿ ಅಂಜಿಕಿರಿ? ಬಾಜೂಮನಿ ದೊಡ್ಡವ್ವ ಹಲ್ಲ ತಗಸಕೊಳ್ಳುಮುಂದ ಇವರೇ ಆಕಿ ಕೈ ಹಿಡಕೊಂಡು ಕುಂತಿದ್ರು."

ಕುರ್ಚಿಯ ಹಿಡಿಕೆಯ ಮೇಲೆ ನನ್ನ ಕೈ ಒಂಟಿಯಾಗಿತ್ತು. ಲವಂಗದ ವಾಸನೆ ಮೂಗಿನ ಹತ್ತಿರವೇ ಬಂತು. ಬಾಯಿ ಅಗಲವಾಗಿ ತೆರೆದೇ ಇತ್ತು. ಅಲ್ಲ ಎಂಬ ಎರಡಕ್ಷರ ಹೊರಗೆ ಬರಲಿಲ್ಲ.