ಜ್ವರಕ್ಕೆ ಕೂತ ಹುಳ, ಮರಳಲ್ಲಿ ಮಲಗಿದ ಮೀನು

ಸುಣ್ಣದ ಪುಡಿಯೂ ಬಾಡಿದ ಹಿಪ್ಪುನೇರಳೆ ಸೊಪ್ಪೂ ಬೆರೆತ ವಾಸನೆ ಎದುರುಮನೆಯ ಹುಳುಮನೆಯಿಂದ ಕಿಟಕಿಯೊಳಗೆ ಬಂತು. ರಜೆಗೆಂದು ದಿಬ್ಬೂರಹಳ್ಳಿಗೆ ಬಂದಿದ್ದರೂ ನಾನು ಲ್ಯಾಪ್‌ಟಾಪ್ ಮುಂದೆ ತಲೆ ಹಿಡಿದು ಕೂತಿದ್ದೆ.

ಕರಾವಳಿಯ ಒಂದು ದ್ವೀಪದ ಸುತ್ತ ಮೀನು ಹಿಡಿಯಬಾರದೆಂದು ಕಾಯ್ದಿಟ್ಟ ಸಮುದ್ರವಿದೆ. ಅಲ್ಲಿನ ಮೀನು ಎಣಿಸುವುದು ನನ್ನ ಕೆಲಸ. ಬಂಡೆಗಳ ಬಳಿ ಮೀನು ಹೆಚ್ಚಿವೆ, ಅದರಲ್ಲಿ ತಕರಾರಿಲ್ಲ. ಬರೀ ಮರಳಿರುವ ಕಡೆ ಏನಿದೆ, ಅದನ್ನು ಬಲೆಗೆ ಬಿಟ್ಟುಬಿಡಿ ಎನ್ನುವವರಿದ್ದರು. ನೀರಿಗಿಳಿಸಿದ ಕ್ಯಾಮೆರಾದ ವಿಡಿಯೋಗಳ ಮೊದಲ ಕೆಲವು ನಿಮಿಷ ನೋಡಿ ನಾನೂ ಸೊನ್ನೆ, ಸೊನ್ನೆ ಎಂದು ಬರೆಯುತ್ತಾ ಹೋಗಿದ್ದೆ. ವರದಿಯಲ್ಲಿ ಈ ಸೊನ್ನೆಗಳನ್ನು ಕಳಿಸಿದರೆ ಮರಳನ್ನು ಕೈಬಿಟ್ಟ ಹಾಗೆಯೇ.

ಆ ವಾಸನೆಗೆ ಎದುರುಮನೆಯ ದೊಡ್ಡಮ್ಮ ನೆನಪಾದರು...

ಅಪ್ಪನಿಗೆ ವರ್ಗವಾಗಿ ಗೌರಿಬಿದನೂರಿನಿಂದ ಆಗಷ್ಟೇ ಇಲ್ಲಿಗೆ ಬಂದಿದ್ದೆವು. ರೇಷ್ಮೆಹುಳ ಕಂಡವಳಲ್ಲ, ಆದರೆ ಡಿಗ್ರಿಯಲ್ಲಿ ಪ್ರಾಣಿಶಾಸ್ತ್ರ ಓದುವವಳೆಂಬ ಜಂಬ ಬೇಕಾದಷ್ಟಿತ್ತು. ದೊಡ್ಡಮ್ಮ ಕೈವಾರಕ್ಕೆ ಹೊರಟಾಗ, ಇಲಿ ಬರದಂತೆ ನೋಡಿಕೋ ಎಂದು ಹುಳುಮನೆಯನ್ನು ನನಗೊಪ್ಪಿಸಿದರು. ಹೋಗಿ ನೋಡಿದರೆ ಒಂದು ಹುಳವೂ ಸೊಪ್ಪು ಮುಟ್ಟುತ್ತಿಲ್ಲ. ತಲೆ ಎತ್ತಿಕೊಂಡು ಸೆಟೆದು ಕೂತಿವೆ. ರೋಗ ಬಡಿದು ಸತ್ತಿವೆ, ಉಳಿದವಕ್ಕೂ ಹರಡುತ್ತದೆ ಎಂದು ನನ್ನ ಪಾಂಡಿತ್ಯ ಹೇಳಿತು. ಹುಳ ಸಾಕುವ ಬಿದಿರಿನ ತಟ್ಟೆಗಳಲ್ಲಿ ಒಂದನ್ನು ಪೂರ್ತಿ ತಿಪ್ಪೆಗೆ ಸುರಿದೆ. ಎರಡನೆಯದನ್ನು ಎತ್ತುವಷ್ಟರಲ್ಲಿ ಅವರು ಬಂದರು.

“ಅಯ್ಯೋ ನಾ ತಲ್ಲೀ, ಏನ್ ಮಾಡ್ದೆ! ಸತ್ತಿಲ್ಲ ಕಣೇ, ಜ್ವರಕ್ಕೆ ಕೂತವೆ. ಪೊರೆ ಬಿಡೋ ಹೊತ್ತಲ್ಲಿ ಮುಟ್ಬಾರ್ದು. ನಾಳೆವರೆಗೂ ಸುಮ್ಕೆ ಕಾಯ್ಬೇಕು ಅಷ್ಟೆ.”

ಬೈದರು, ಚೆನ್ನಾಗಿಯೇ ಬೈದರು. ಬೈಯುತ್ತಲೇ ಇಬ್ಬರೂ ತಿಪ್ಪೆಯ ಮುಂದೆ ಕೂತು ಒಂದೊಂದಾಗಿ ಆರಿಸಿದೆವು. ಮಾರನೆಯ ದಿನ ನನ್ನನ್ನು ಕೂಗಿ ಕರೆದು ತೋರಿಸಿದರು. ಕೆಲವು ಸತ್ತುಹೋಗಿದ್ದವು. ಮಿಕ್ಕವೆಲ್ಲ ಚರಚರ ಸೊಪ್ಪು ಮೇಯುತ್ತಿದ್ದವು. ನನಗೆ ಅಳುವೇ ಬಂತು. ಆಮೇಲೆ ನಾನು ಆ ಬಾಗಿಲಿಗೆ ಹೋದಾಗಲೆಲ್ಲ ಒಂದೇ ಮಾತು: “ಪ್ರಾಣಿಶಾಸ್ತ್ರದ ಮೇಡಂ ಬಂದ್ರು, ತಟ್ಟೆ ಮುಚ್ರಪ್ಪಾ!”

ಮತ್ತೆ ಮೊದಲ ವಿಡಿಯೋ ಹಾಕಿದೆ. ಈ ಸಲ ನಡುವೆ ನಿಲ್ಲಿಸಲಿಲ್ಲ. ಕ್ಯಾಮೆರಾ ಧೊಪ್ಪೆಂದು ಬಿತ್ತು, ನೀರು ಕದಡಿತು, ತಿಳಿಯಾಯಿತು, ಬರೀ ಮರಳು. ಕೈಕಟ್ಟಿ ಕಾದೆ. ತುಂಬಾ ಹೊತ್ತಾದ ಮೇಲೆ ಮರಳು ಅಲುಗಿ ಎರಡು ಕಣ್ಣು ಮೇಲೆ ಬಂದವು. ರೊಟ್ಟಿಯಂತೆ ಚಪ್ಪಟೆಯಾದ ನಂಗು ಮೀನು! ಹಿಂದೆಯೇ ಇನ್ನೊಂದು, ಮತ್ತೆರಡು... ಅಬ್ಬಾ, ಕ್ಯಾಮೆರಾಕ್ಕೆ ಹೆದರಿ ಅಡಗಿದ್ದವಷ್ಟೇ. ಉಳಿದ ವಿಡಿಯೋಗಳಲ್ಲೂ ಹೀಗೆಯೇ. ಕಾಯ್ದಿಟ್ಟ ಜಾಗದ ಹೊರಗೆ, ಬಲೆ ಬೀಳುವ ಕಡೆಯ ಮರಳಿನ ವಿಡಿಯೋಗಳನ್ನೂ ಹಾಗೆಯೇ ಕಾದು ನೋಡಿದೆ. ಅಲ್ಲಿ ಅಪರೂಪಕ್ಕೊಂದು ಪುಟ್ಟ ಮರಿ. ಸೊನ್ನೆಗಳನ್ನೆಲ್ಲ ಅಳಿಸಿದೆ. ಎಷ್ಟೋ ದಿನದ ಮೇಲೆ ಉಸಿರು ಸರಾಗವಾಯಿತು.

ಯಾರಿಗಾದರೂ ಹೇಳಲೇಬೇಕೆಂದು ರಸ್ತೆ ದಾಟಿ ಓಡಿದೆ. ದೊಡ್ಡಮ್ಮನ ಸೊಸೆ ಬಾಗಿಲಲ್ಲೇ ತಡೆದು, “ಒಳಗ್ ಬರ್ಬೇಡಕ್ಕ, ಹುಳ ಜ್ವರಕ್ಕೆ ಕೂತವೆ” ಎಂದಳು.

ಹೊಸಿಲಾಚೆಯೇ ನಿಂತೆ. ದೊಡ್ಡಮ್ಮ ತೀರಿಹೋಗಿ ಎರಡು ವರ್ಷವಾಯಿತು. “ತಟ್ಟೆ ಮುಚ್ರಪ್ಪಾ” ಎಂದು ಒಳಗಿನಿಂದ ಯಾರೂ ಕೂಗಲಿಲ್ಲ.