ತಳವಿಲ್ಲದ ಪಂಜರ

ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಶಿವಮೊಗ್ಗದ ರಾಗಿಗುಡ್ಡದ ತಿರುವಿನಿಂದ ಮನೆಗೆ ವಾಪಸಾಗುವ ಜಾತಿ ನನ್ನದು. ಬಂದು ನೋಡಿದರೆ ಒಲೆ ಆರಿಯೇ ಇರುತ್ತದೆ. "ನಿಮಗೆ ತರ್ಕಶಾಸ್ತ್ರದಲ್ಲಿ ಎಂ.ಎ. ಕೊಟ್ಟೋರು ಯಾರು ಮಾರಾಯ್ರೆ?" ಎನ್ನುತ್ತಾಳೆ ಹೆಂಡತಿ. ನಮ್ಮ ಹಳೆಯ ತಾರ್ಕಿಕರು ಕಂಡದ್ದನ್ನು ಪ್ರಮಾಣವೆಂದರು, ಊಹಿಸಿದ್ದನ್ನೂ ಪ್ರಮಾಣವೆಂದರು. ನೆನಪನ್ನು ಮಾತ್ರ ಆ ಪಂಕ್ತಿಯಲ್ಲಿ ಕೂರಿಸಲಿಲ್ಲ. ಇದನ್ನೇ ಮೂವತ್ತು ವರ್ಷ ಪಾಠ ಮಾಡಿದ ನಾನು ಒಂದು ದಿನ ನನ್ನ ನೆನಪನ್ನು ಪೂರಾ ನಂಬಿದೆ.

ನಿವೃತ್ತನಾದ ಮೇಲೆ ಮಾಚೇನಹಳ್ಳಿಯ ಆಚೆ ಒಂದು ತುಂಡು ಹುಲ್ಲುನೆಲದಲ್ಲಿ ಮಾಂಸದ ಕೋಳಿ ಸಾಕತೊಡಗಿದ್ದೆ. ಕಬ್ಬಿಣದ ಪೈಪು, ಜಾಲರಿ, ಮೇಲೊಂದು ತಗಡು; ಪಂಜರಕ್ಕೆ ತಳವೇ ಇಲ್ಲ. ದಿನಾ ಬೆಳಿಗ್ಗೆ ಅದನ್ನು ಅದರ ಉದ್ದದಷ್ಟು ಮುಂದಕ್ಕೆ ಎಳೆಯಬೇಕು. ಕೋಳಿಗಳು ಒಳಗೇ ನಡೆದು ಹೊಸ ಹುಲ್ಲಿಗೆ ಬರುತ್ತವೆ, ಹಿಕ್ಕೆ ಹಿಂದೆ ಗೊಬ್ಬರವಾಗುತ್ತದೆ. ಇದನ್ನು ಬೆಸೆದುಕೊಟ್ಟು, ನನ್ನ ಜೊತೆ ಎಳೆಯುತ್ತಲೂ ಇದ್ದವರು ಭದ್ರಾವತಿಯ ಷಣ್ಮುಗಂ, ಕಾರ್ಖಾನೆಯಲ್ಲಿ ವೆಲ್ಡರ್ ಆಗಿದ್ದವರು. "ತ್ಯಾವರೆಕೊಪ್ಪದ ಸಫಾರಿ ಹುಲಿಗೂ ಈ ಯೋಗ ಇಲ್ಲ ಸಾರ್, ದಿನಾ ಹೊಸ ಮನೆ!" ಎನ್ನುತ್ತಿದ್ದರು. ನಿವೃತ್ತಿಯಲ್ಲಿ ನನಗೆ ದಕ್ಕಿದ ಒಬ್ಬನೇ ಗೆಳೆಯ.

ನೆಲ ತಗ್ಗಿದ್ದ ಕಡೆ ಪೈಪಿನಡಿ ಸಂದಿ ಉಳಿಯುತ್ತದೆ. ಅಲ್ಲಿಗೊಂದು ಚಪ್ಪಡಿ ಕಲ್ಲು ಒತ್ತಬೇಕು. ಷಣ್ಮುಗಂ ಅದರ ಎರಡು ಪಕ್ಕಕ್ಕೂ ಒಂದೊಂದು ಬೆಣಚುಕಲ್ಲು ಸಿಕ್ಕಿಸುತ್ತಿದ್ದರು. ಬೆಸುಗೆಯವರ ಕೈ, ಅಲ್ಲಾಡುವುದನ್ನು ಸಹಿಸದು. ಭಾನುವಾರ ಬೆಳಿಗ್ಗೆ ಮಾತ್ರ ಪಂಜರವೂ ಕಲ್ಲೂ ನನ್ನ ಪಾಲು. ಅವರು ಸಂಜೆ ಬಂದು ನೀರು ಹಾಕಿ ಹೋಗುತ್ತಿದ್ದರು.

ಒಂದು ಸೋಮವಾರ ನಾವು ಹೋಗುವಷ್ಟರಲ್ಲಿ ಮುಂಗುಸಿ ಸಂದಿಯಲ್ಲಿ ನುಗ್ಗಿತ್ತು. ಕತ್ತು ಕಚ್ಚಿದ ಕೋಳಿಗಳು ಹುಲ್ಲಿನ ಮೇಲೆ ಚೆಲ್ಲಿಬಿದ್ದಿದ್ದವು. ಕಲ್ಲು ಹಿಂದೆ, ಶನಿವಾರದ ಜಾಗದಲ್ಲಿತ್ತು.

"ನಾನು ಇಟ್ಟಿದ್ದೆ. ಸಂಜೆ ಸಂದಿಯಿಂದ ನೀರು ಬಿಡೋಕೆ ನೀನೇ ತೆಗೆದು ಎಸೆದಿದೀಯ," ಎಂದೆ. ಅಂದೇ ಮೊದಲು ಅವರನ್ನು ಏಕವಚನದಲ್ಲಿ ಕರೆದದ್ದು.

"ಇಲ್ಲ ಸಾರ್..."

"ನನಗೆ ಚೆನ್ನಾಗಿ ನೆನಪಿದೆ!"

ನಿಜಕ್ಕೂ ಇತ್ತು. ಕಲ್ಲಿನ ತಣ್ಣನೆ, ಎತ್ತುವಾಗ ಹಿಡಿದುಕೊಂಡ ಸೊಂಟ, ಎಲ್ಲ. ಅದು ಯಾವ ಭಾನುವಾರದ ಸೊಂಟನೋವು ಎಂದು ಮಾತ್ರ ಕೇಳಿಕೊಳ್ಳಲಿಲ್ಲ. ಹತ್ತಿರ ಹೋಗಿ ಕಲ್ಲನ್ನು ನೋಡಲೂ ಇಲ್ಲ. ಷಣ್ಮುಗಂ ಸತ್ತ ಕೋಳಿಗಳನ್ನು ಹೂತು, ಕೈ ತೊಳೆದು ಹೋದರು. ಮರುದಿನ ಬರಲಿಲ್ಲ.

ಎರಡು ತಿಂಗಳಿಗೆ ಪಂಜರ ಸುತ್ತು ಮುಗಿಸಿ ಅದೇ ಜಾಗಕ್ಕೆ ಬಂತು. ಸಿಟ್ಟಿನಲ್ಲಿ ನಾನು ಮುಟ್ಟದೆ ಬಿಟ್ಟಿದ್ದ ಕಲ್ಲನ್ನು ಎತ್ತಲು ಬಗ್ಗಿದೆ. ತಗ್ಗಿನಲ್ಲಿ ಅದು ಗಟ್ಟಿಯಾಗಿ ಕೂತಿತ್ತು. ಎರಡು ಪಕ್ಕಕ್ಕೂ ಒಂದೊಂದು ಬೆಣಚುಕಲ್ಲು. ಎಸೆದ ಕಲ್ಲಿಗೆ ಯಾರೂ ಬೆಣೆ ಹಾಕುವುದಿಲ್ಲ. ಶನಿವಾರ ಅವರು ಇಟ್ಟದ್ದನ್ನು ಭಾನುವಾರ ನಾನು ಮುಟ್ಟಿಯೇ ಇರಲಿಲ್ಲ.

ಅಂದೇ ಭದ್ರಾವತಿಗೆ ಹೋಗಿ ತಪ್ಪು ನನ್ನದೆಂದು ಹೇಳಿದೆ. ಷಣ್ಮುಗಂ ತಮ್ಮ ಅಂಗೈ ನೋಡಿಕೊಂಡರು.

"ನೀವು ಓದಿದೋರು, ಅಷ್ಟು ಗಟ್ಟಿಯಾಗಿ ಹೇಳಿದ್ರಿ. ಆಮೇಲೆ ಕಲ್ಲು ಎತ್ತಿ ಎಸೆದಿದ್ದು ನನಗೂ ನೆನಪಿಗೆ ಬಂದ್ಬಿಡ್ತು ಸಾರ್."

"ನಾಳೆಯಿಂದ ಬನ್ನಿ ಷಣ್ಮುಗಂ."

"ಬೇಡ ಸಾರ್. ಇನ್ನೊಂದ್ಸಲ ನೀವೇನಾದ್ರೂ ಹೇಳಿದ್ರೆ, ಮತ್ತೆ ನಂಬಿಬಿಡ್ತೀನಿ."

ಕಾಫಿ ಕೊಟ್ಟು ಕಳಿಸಿದರು.

ಈಗ ಒಬ್ಬನೇ ಎಳೆಯುತ್ತೇನೆ. ಕಲ್ಲಿಟ್ಟು, ಬೆಣೆ ಸಿಕ್ಕಿಸಿ, ಗೇಟಿನ ತನಕ ಹೋಗಿ ಮತ್ತೆ ನೋಡಲು ಬರುತ್ತೇನೆ. ಅನುಮಾನ ನನಗಂಟಿದ ರೋಗ ಎನ್ನುತ್ತಾಳೆ ಹೆಂಡತಿ. ಇರಬಹುದು. ಆ ಸೋಮವಾರ ಮಾತ್ರ ನಾನು ಪೂರ್ತಿ ಆರೋಗ್ಯವಾಗಿದ್ದೆ.