ಹುಣ್ಣಿಮೆಯ ದಿನ ಲೀ ನದಿ

ಇವತ್ತು ಸಂಜೆ ಡ್ಯೂಟಿ ಮುಗಿಸಿ ಐರ್ಲೆಂಡಿನ ಕಾರ್ಕ್ ಪೇಟೆಯ ಸೇತುವೆ ದಾಟುತ್ತಿದ್ದೆ. ಲೀ ನದಿಯ ಕೆಸರಿನ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಜೊತೆಗಿದ್ದ ನರ್ಸ್ ಮೂಗು ಮುಚ್ಚಿಕೊಂಡಳು. ನಾನು ನಿಂತುಬಿಟ್ಟೆ. ಆ ವಾಸನೆಯ ಜೊತೆ ನನಗೆ ಅಮ್ಮ ನೆನಪಾಗುತ್ತಾಳೆ, ಡೆನಿಸ್ ನೆನಪಾಗುತ್ತಾರೆ. ನನ್ನ ದಡ್ಡತನವೂ ನೆನಪಾಗುತ್ತದೆ, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ?

ಈ ಊರಿಗೆ ಬಂದ ಮೊದಲ ವರ್ಷ ನಾನಿದ್ದದ್ದು ನದಿ ಪಕ್ಕದ ಒಂದು ಹಳೆಯ ಕಟ್ಟಡದ ನೆಲಮಹಡಿಯಲ್ಲಿ. ಮೇಲಿನ ಮನೆಯಲ್ಲಿ ಡೆನಿಸ್. ಲೀ ನದಿಯ ಹೂಳೆತ್ತುವ ದೋಣಿಯಲ್ಲಿ ಬದುಕೆಲ್ಲ ದುಡಿದು ನಿವೃತ್ತರಾಗಿದ್ದ ಅವರಿಗೆ ಹೆಂಡತಿ ತೀರಿಕೊಂಡ ಮೇಲೆ ಮಾತಾಡಲು ಯಾರೂ ಇರಲಿಲ್ಲ. ನನಗೋ ಕೂತು ಮಾತಾಡಲು ಪುರುಸೊತ್ತು ಇರಲಿಲ್ಲ.

ಆ ಅಕ್ಟೋಬರಿನಲ್ಲಿ ಅಮ್ಮ ಬಂದಳು. ಗಂಗೊಳ್ಳಿಯ ಅಳಿವೆ ಪಕ್ಕ ಹುಟ್ಟಿ ಬೆಳೆದವಳು. ಐದು ಹೊಳೆಗಳು ಕೂಡಿ ಸಮುದ್ರ ಸೇರುವ ಜಾಗ ಅದು. ಹುಣ್ಣಿಮೆಯ ಉಬ್ಬರಕ್ಕೆ ಕಡಲ ನೀರು ಹೊಳೆಯೊಳಕ್ಕೆ ನುಗ್ಗುತ್ತದೆ; ಕಾರ್ಕ್‌ನ ಲೀ ನದಿಗೂ ಹಾಗೆಯೇ. ಒಂದು ಬೆಳಿಗ್ಗೆ ಕಿಟಕಿಯಲ್ಲಿ ನಿಂತು ಹೇಳಿದಳು: "ಇವತ್ತ್ ಹುಣ್ಮಿ. ಗಾಳಿನೂ ಇತ್ತ್. ನೀರ್ ಮೇಲ್ ಬತ್ತ್ ಕಾಣ್, ಮಗಾ."

"ಅಮ್ಮಾ, ಇದು ಗಂಗೊಳ್ಳಿ ಅಲ್ಲ. ಇಲ್ಲೆಲ್ಲಾ ಪ್ಲ್ಯಾನ್ ಮಾಡಿ ಕಟ್ಟಿರ್ತಾರೆ," ಎಂದು ಬ್ಯಾಗು ಹೆಗಲಿಗೇರಿಸಿ ಹೊರಟೆ. ಎಂ.ಡಿ. ಮಾಡಿದವಳಲ್ಲವೇ ನಾನು!

ಸಂಜೆ ಐದಕ್ಕೆ ಆಪರೇಷನ್ ಥಿಯೇಟರಿನಿಂದ ಹೊರಬಂದು ನೋಡಿದರೆ ಫೋನಿನಲ್ಲಿ ಅಮ್ಮನ ಹನ್ನೊಂದು ಮಿಸ್ಡ್ ಕಾಲ್. ತಿರುಗಿ ಮಾಡಿದರೆ ಎತ್ತಲಿಲ್ಲ. ಬಸ್ಸು ಪೇಟೆಯ ಅಂಚಿನಲ್ಲೇ ನಿಂತಿತು. ಅಲ್ಲಿಂದ ಓಡಿದೆ. ನಮ್ಮ ಬೀದಿಯಲ್ಲಿ ಮೊಣಕಾಲುದ್ದ ನೀರು, ತಣ್ಣಗೆ ಕೊರೆಯುತ್ತಿತ್ತು. ಮನೆ ಬಾಗಿಲು ತೆರೆದೇ ಇತ್ತು. ಚಪ್ಪಲಿಗಳು ತೇಲುತ್ತಿದ್ದವು. ಅಮ್ಮ ಇರಲಿಲ್ಲ. ಆ ಕತ್ತಲೆ ಕೋಣೆಯಲ್ಲಿ "ಅಮ್ಮಾ" ಎಂದು ಕೂಗಿದ ನನ್ನ ದನಿ ನನಗೇ ಚಿಕ್ಕ ಹುಡುಗಿಯ ದನಿಯಂತೆ ಕೇಳಿಸಿತು.

ಮೇಲಿನಿಂದ ಉತ್ತರ ಬಂತು: "ಶಿ ಈಸ್ ಗ್ರ್ಯಾಂಡ್! ಮೇಲೆ ಬಾ!" ಇಲ್ಲಿಯವರ ಮಾತಿನಲ್ಲಿ ಗ್ರ್ಯಾಂಡ್ ಅಂದರೆ ಚೆನ್ನಾಗಿದ್ದಾಳೆ ಎಂದು.

ಡೆನಿಸ್ ಮನೆಯಲ್ಲಿ ಅಮ್ಮ ಅವರ ಹೆಂಡತಿಯ ಉಣ್ಣೆ ಸ್ವೆಟರ್ ತೊಟ್ಟು, ಬಿಸಿನೀರಿನ ಬೋಗುಣಿಯಲ್ಲಿ ಕಾಲಿಟ್ಟು ಕೂತಿದ್ದಳು. ಪಕ್ಕದಲ್ಲಿ ನನ್ನ ಸರ್ಟಿಫಿಕೇಟುಗಳು, ಪಾಸ್‌ಪೋರ್ಟು, ದೇವರ ಫೋಟೊ. ನಾನು ಡೆನಿಸ್‌ಗೆ ಕೈಮುಗಿಯಲು ಹೋದರೆ ಅವರೇ ತಡೆದರು.

"ನನಗಲ್ಲ, ಅವರಿಗೆ ಹೇಳು. ನಾನು ಮಲಗಿದ್ದೆ. ರಸ್ತೆಯ ಚರಂಡಿಯಿಂದ ನೀರು ಉಕ್ಕಿದ್ದು ಮೊದಲು ಕಂಡದ್ದು ಅವರಿಗೆ. ಬಂದು ನನ್ನ ಬಾಗಿಲು ಬಡಿದು, ಕೈ ಹಿಡಿದು ಎಳ್ಕೊಂಡು ಹೋದ್ರು. ಪಕ್ಕದ ಮನೆಯ ಮುದುಕಿಯನ್ನ ಇಬ್ಬರೂ ಸೇರಿ ಕುರ್ಚಿ ಸಮೇತ ಎತ್ತಿ ಅವರ ಮಹಡಿಗೆ ಸಾಗಿಸಿದ್ವಿ."

ಅಮ್ಮನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. "ನೀರ್, ನೀರ್ ಅಂದೆ. ಅವ್ರಿಗ್ ಗೊತ್ತಾಯ್ತ್," ಎಂದಳು.

ಆಮೇಲಿನ ಮೂರು ವಾರ ನಾವು ಅಲ್ಲೇ ಇದ್ದೆವು. ದಿನಾ ಚಹಾದ ಹೊತ್ತಿಗೆ ಡೆನಿಸ್ ಮೇಜಿನ ಮೇಲೆ ಬೆರಳಿನಿಂದ ಐರ್ಲೆಂಡ್ ಬರೆಯುತ್ತಿದ್ದರು. ಈ ದ್ವೀಪದ ಬೆಟ್ಟಗಳೆಲ್ಲ ಅಂಚಿಗೆ, ನಡುವೆ ತಗ್ಗು. ಹಾಗಾಗಿ ಶಾನನ್ ನದಿ ಉತ್ತರದ ಬೆಟ್ಟದಲ್ಲಿ ಹುಟ್ಟಿ, ಕೆರೆಯಿಂದ ಕೆರೆಗೆ ಸುತ್ತಿ, ಬಹಳ ದೂರ ಹೋಗಿ ಪಶ್ಚಿಮದ ಕಡಲು ಸೇರುತ್ತದೆ. ಲಿಫಿ ನದಿ ಡಬ್ಲಿನ್ ಪಕ್ಕದಲ್ಲೇ ಹುಟ್ಟಿಯೂ ಊರೆಲ್ಲ ಸುತ್ತಿಯೇ ಡಬ್ಲಿನ್‌ಗೆ ಬರುತ್ತದೆ. ನಾನು ಕನ್ನಡದಲ್ಲಿ ಹೇಳಿದಾಗ ಅಮ್ಮ ನಕ್ಕಳು: "ನಮ್ಮಲ್ಲಿ ಘಟ್ಟ ಇಳಿದ್ರೆ ಸಮುದ್ರವೇ. ಈ ಹೊಳಿಗೆ ಎಂತ ಅವಸರವೇ ಇಲ್ಲ!"

ಅಮ್ಮ ಊರಿಗೆ ಹೊರಡುವ ಮುಂಚೆ ಡೆನಿಸ್ ನಮ್ಮನ್ನು ಲೀ ಹುಟ್ಟುವ ಬೆಟ್ಟದ ಕೆರೆಗೆ ಕರೆದೊಯ್ದರು. ಅಷ್ಟೊಂದು ಕೋಲಾಹಲ ಮಾಡಿದ ನದಿ ಅಲ್ಲಿ ಒಂದೇ ಹೆಜ್ಜೆಗೆ ದಾಟುವಷ್ಟಿತ್ತು. ಅಮ್ಮ ಬಗ್ಗಿ ನೀರು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಡೆನಿಸ್ ಟೋಪಿ ತೆಗೆದು ಕೈಯಲ್ಲಿ ಹಿಡಿದರು. ನನಗೆ ಭಾಷಾಂತರ ಮಾಡುವ ಕೆಲಸವಿರಲಿಲ್ಲ.

ಡೆನಿಸ್ ಈಗಿಲ್ಲ. ಅವರಿಗೆ ಹೇಳಬೇಕಾದಷ್ಟು ಧನ್ಯವಾದ ಹೇಳಿದ್ದೇನೆ, ಆ ಸಮಾಧಾನವಿದೆ. ಅಮ್ಮನಿಗೆ ಮಾತ್ರ ಯಾವತ್ತೂ ಹೇಳಿರಲಿಲ್ಲ. ಇವತ್ತು ಸೇತುವೆ ಮೇಲಿಂದಲೇ, ಅವಳು ಈಗಿರುವ ನನ್ನ ತಮ್ಮನ ಮನೆಗೆ ಫೋನ್ ಮಾಡಿದೆ.

"ಅಮ್ಮಾ, ಅವತ್ತು ನಿನ್ನ ಮಾತು ಕೇಳ್ಬೇಕಿತ್ತು ನಾನು."

ಯಾವತ್ತು ಎಂದು ಅವಳು ಕೇಳಲಿಲ್ಲ. "ಅದಿರ್ಲಿ. ನೀರ್ ಈಗ ಏರುದಾ, ಇಳಿಯುದಾ?" ಎಂದಳು.

ದಿನಾ ದಾಟುವ ಸೇತುವೆ. ನೀರಿನ ಏರಿಳಿತವನ್ನು ನಾನು ನೋಡಿಯೇ ಇರಲಿಲ್ಲ. ಕಂಬಿಗೆ ಒರಗಿ ಬಗ್ಗಿದೆ. ದಂಡೆಯ ಕಲ್ಲುಗೋಡೆಯಲ್ಲಿ ನೀರಿನಿಂದ ಒಂದು ಗೇಣು ಮೇಲಿನವರೆಗೂ ಇನ್ನೂ ಒದ್ದೆ ಇತ್ತು.

"ಇಳೀತಾ ಇದೆ, ಅಮ್ಮ," ಎಂದೆ.